‘ಅರ್ಥವಾಯಿತೇ?’ ಎಂದಾಗ ಇಡೀ ತರಗತಿ ‘ಹೌದು ಸರ್’ ಎನ್ನುವುದು ಏಕೆ?

ಮೂರನೆಯ ಬೆಂಚು
ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಇಂದು ಮತ್ತೊಮ್ಮೆ ಸುಳ್ಳು ಹೇಳಿದೆ. ಒಬ್ಬನೇ ಅಲ್ಲ, ಇನ್ನೂ ನಲವತ್ತೊಂದು ಜನರ ಜೊತೆ ದನಿಗೂಡಿಸಿ.

ಗಣಿತದ ಪಿರಿಯಡ್. ಸರ್ ಹಲಗೆಯ ಮೇಲೆ ಆವರಣಗಳನ್ನು ಬಿಡಿಸುತ್ತಿದ್ದರು. ನಡುವೆ (−3) × (−4) ಬಂತು. 12 ಎಂದು ಬರೆದು ಮುಂದಿನ ಸಾಲಿಗೆ ಹೋದರು. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬುದು ನನಗೆ ಏಳನೆಯ ತರಗತಿಯಿಂದ ಗೊತ್ತು. ಪರೀಕ್ಷೆಯಲ್ಲಿ ಎಂದೂ ತಪ್ಪಿಲ್ಲ. ಆದರೆ ಇಂದು ಏಕೋ ಪೆನ್ನು ಅಲ್ಲೇ ನಿಂತಿತು. ಏಕೆ ಧನ? ಮೂರು ಸಲ ನಾಲ್ಕು ಎಂದರೆ ಗೊತ್ತು. ಮೂರು ಸಲ ‘ಋಣ ನಾಲ್ಕು’ ಎಂದರೂ ಗೊತ್ತು. ಆದರೆ ಒಂದು ಕೆಲಸವನ್ನು ‘ಋಣ ಮೂರು ಸಲ’ ಮಾಡುವುದು ಹೇಗೆ?

ಅಷ್ಟರಲ್ಲಿ ಸರ್ ತಿರುಗಿದರು. ಅವರ ಬಲತೋಳಿನ ಮೇಲೆ ಯಾವಾಗಲೂ ಒಂದು ಬಿಳಿ ಪಟ್ಟಿ ಇರುತ್ತದೆ. ಡಸ್ಟರ್ ಹುಡುಕುವ ಬದಲು ತೋಳಿನಿಂದಲೇ ಒರೆಸಿಬಿಡುತ್ತಾರೆ. ‘ಅರ್ಥವಾಯಿತೇ?’ ಎಂದರು. ‘ಹೌದು ಸರ್’ ಎಂದೆವು. ‘ಹೌ’ ಉದ್ದ, ‘ದು’ ಗಿಡ್ಡ. ಒಂದನೆಯ ತರಗತಿಯಿಂದಲೂ ಅದೇ ಧಾಟಿ.

ಬಿಡುವಿನಲ್ಲಿ ನಾಲ್ವರನ್ನು ಕೇಳಿದೆ. ಇಬ್ಬರು ‘ಅದು ನಿಯಮ’ ಎಂದರು. ಒಬ್ಬಳು ‘ಪರೀಕ್ಷೆಗೆ ಬರುವುದಿಲ್ಲ ಬಿಡು’ ಎಂದಳು. ನಾಲ್ಕನೆಯವನು ನಮ್ಮ ತರಗತಿಗೇ ಮೊದಲಿಗ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಗೊತ್ತಿಲ್ಲ, ಯಾರಿಗೂ ಹೇಳಬೇಡ’ ಎಂದ.

ನಮ್ಮ ಸರ್ ಕೆಟ್ಟವರಲ್ಲ. ಬೈಯುವುದಿಲ್ಲ, ಚೆನ್ನಾಗಿಯೇ ಪಾಠ ಮಾಡುತ್ತಾರೆ. ಆದರೂ ನನ್ನ ಕೈ ಮೇಲೇಳುವುದಿಲ್ಲ. ಏಳನೆಯ ತರಗತಿಯಲ್ಲಿ ಬೇರೊಬ್ಬ ಶಿಕ್ಷಕರನ್ನು ಒಮ್ಮೆ ಏನೋ ಕೇಳಿದ್ದೆ. ‘ಇಷ್ಟೂ ಗೊತ್ತಿಲ್ಲವೇ?’ ಎಂದರು, ಎಲ್ಲರೂ ನಕ್ಕರು. ಕೇಳಿದ ಪ್ರಶ್ನೆ ಈಗ ನೆನಪಿಲ್ಲ, ನಗು ನೆನಪಿದೆ.

ತಪ್ಪು ನಮ್ಮದೋ, ಶಿಕ್ಷಕರದೋ? ನಾನೇನು ಮಾಡಬೇಕು?

ಗಿಳಿಪಾಠ
ಗುಂಪಿನಲ್ಲಿ ಗೋವಿಂದ ಎನ್ನುವುದು ಇದಕ್ಕೇ.

ಕಂಪಾಸ್ ಪೆಟ್ಟಿಗೆ
‘ನನಗೂ ಗೊತ್ತಿಲ್ಲ, ಯಾರಿಗೂ ಹೇಳಬೇಡ.’ ಅಯ್ಯೋ, ನಾನು ಹತ್ತು ವರ್ಷ ಶಾಲೆಯಲ್ಲಿ ಕಲಿತದ್ದು ಈ ಎರಡು ಮಾತುಗಳಲ್ಲಿ ಇದೆ. ಆದರೆ ತಮ್ಮಾ, ನೀನು ಅವನ ಗುಟ್ಟನ್ನು ಊರಿಗೇ ಹೇಳಿಬಿಟ್ಟೆಯಲ್ಲ!

ಸೀಮೆಸುಣ್ಣ
ನಾನು ಹತ್ತೊಂಬತ್ತು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಮೊದಲು ಬೇಸರವಾಯಿತು, ಆಮೇಲೆ ನಗು ಬಂತು. ನಾನೂ ಅದೇ ಪ್ರಶ್ನೆಯನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. ನಿಜ ಹೇಳಬೇಕೆಂದರೆ ಅದು ಪ್ರಶ್ನೆಯೇ ಅಲ್ಲ. ಹಲಗೆ ಒರೆಸಲು ನಿಮ್ಮಿಂದ ಪಡೆಯುವ ಅನುಮತಿ.

ಆದರೆ ನಮ್ಮ ಕಡೆಯ ಮಾತನ್ನೂ ಕೇಳಪ್ಪ. ಪಿರಿಯಡ್ ಎಂದರೆ ನಲವತ್ತು ನಿಮಿಷ. ಹಾಜರಿ, ಹೋಂವರ್ಕ್ ಎಂದು ಎಂಟು ನಿಮಿಷ ಹೋಗುತ್ತದೆ. ಉಳಿದದ್ದನ್ನು ನಲವತ್ತೆರಡು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಮುಕ್ಕಾಲು ನಿಮಿಷ. ಪೋರ್ಷನ್ ಮುಗಿಯದಿದ್ದರೆ ಮುಖ್ಯೋಪಾಧ್ಯಾಯರು ಕೇಳುತ್ತಾರೆ, ಪೋಷಕರು ಕೇಳುತ್ತಾರೆ. ಮಕ್ಕಳಿಗೆ ಅರ್ಥವಾಗದಿದ್ದರೆ ಕೇಳುವವರು ಯಾರೂ ಇಲ್ಲ. ನೀವೂ ಕೇಳುವುದಿಲ್ಲವಲ್ಲ!

ತರ್ಕಕ್ಕೆ ತಯಾರು
@ಸೀಮೆಸುಣ್ಣ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅರ್ಥವಾಗದೆ ಪೋರ್ಷನ್ ಮುಗಿದರೆ ಮುಗಿದದ್ದು ಏನು, ಪುಸ್ತಕದ ಪುಟಗಳೇ?

ಸೀಮೆಸುಣ್ಣ
@ತರ್ಕಕ್ಕೆ ತಯಾರು ನೆಲ ಡೊಂಕಾಗಿಯೂ ಇದೆ, ನನಗೆ ಕುಣಿತವೂ ಅಷ್ಟಕ್ಕಷ್ಟೇ. ಎರಡೂ ನಿಜ. ನೀವು ಒಂದು ದಿನ ಒಂಬತ್ತನೆಯ ತರಗತಿಯ ಕೊನೆಯ ಪಿರಿಯಡ್ ತೆಗೆದುಕೊಳ್ಳಿ, ಆಮೇಲೆ ಗಾದೆ ಹೇಳಿ.

ಹಳೆಯ ಡಸ್ಟರ್
ಈಗಿನ ಮಕ್ಕಳಿಗೆ ಎಲ್ಲದಕ್ಕೂ ‘ಏಕೆ’ ಬೇಕು. ನಮ್ಮ ಕಾಲದಲ್ಲಿ ಮೇಷ್ಟ್ರು ಹೇಳಿದರೆ ಮುಗಿಯಿತು. ಇಪ್ಪತ್ತರ ಮಗ್ಗಿಯವರೆಗೆ ಬಾಯಿಪಾಠ, ತಪ್ಪಿದರೆ ಬೆತ್ತ. ದಂಡಂ ದಶಗುಣಂ. ಇಂದಿಗೂ ನನಗೆ ಲೆಕ್ಕ ಮಾಡಲು ಮೊಬೈಲ್ ಬೇಡ. ನಿಯಮ ಎಂದರೆ ನಿಯಮ, ಅದನ್ನು ಪ್ರಶ್ನಿಸಿ ಆಗಬೇಕಾದದ್ದೇನು?

ಕಂಪಾಸ್ ಪೆಟ್ಟಿಗೆ
ಬೆತ್ತಕ್ಕೆ ಗೊತ್ತಿರುವುದು ಮಗ್ಗಿ ಮಾತ್ರ ಸರ್. ಹತ್ತೊಂಬತ್ತು ಒಂಬತ್ತಲಿ ಎಷ್ಟು ಎಂದು ಹೇಳಿಸುತ್ತದೆ, ಏಕೆ ಎಂದು ಹೇಳಿಸುವುದಿಲ್ಲ.

ನಿಧಾನಿ
ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದೇನೆ.

ನೀನು ಬಿಡುವಿನಲ್ಲಿ ನಾಲ್ವರನ್ನು ಕೇಳಿ ಕಂಡುಕೊಂಡದ್ದನ್ನೇ ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮೆಕ್‌ಫಾರ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ್ದರು. ಬೇಕೆಂದೇ ಗೋಜಲಾಗಿ ಬರೆದ ಲೇಖನವೊಂದನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅರ್ಥವಾಗದಿದ್ದರೆ ಎದ್ದು ಬಂದು ಕೇಳಿ ಎಂದರು. ಯಾರೂ ಏಳಲಿಲ್ಲ. ಮಜಾ ಇರುವುದು ವಿದ್ಯಾರ್ಥಿಗಳು ಕೊಟ್ಟ ಕಾರಣಗಳಲ್ಲಿ. ತಾನು ಏಳದಿರುವುದಕ್ಕೆ ಕಾರಣ ಮುಜುಗರ, ಪಕ್ಕದವರು ಏಳದಿರುವುದಕ್ಕೆ ಕಾರಣ ಅವರಿಗೆ ಅರ್ಥವಾಗಿರುವುದು! ಒಂದೇ ಕೋಣೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ನೋಡಿ, ಪೆದ್ದ ತಾನೊಬ್ಬನೇ ಎಂದುಕೊಂಡು ಕುಳಿತಿರುತ್ತಾರೆ. ನಿಮ್ಮ ಮೊದಲಿಗನೂ ಹಾಗೆಯೇ ಕುಳಿತಿದ್ದ.

ಇನ್ನು ಶಿಕ್ಷಕರ ಪಾಲು. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಎಂದೂ ಬಾಯಿ ಬಿಡದವರು ಮಾತನಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚಾಯಿತು. 1970ರ ದಶಕದ ಮಾತಿದು. ಅಂದಿನಿಂದ ತರಬೇತಿಯಲ್ಲಿ ಹೇಳುತ್ತಲೇ ಇದ್ದೇವೆ. ಎಲ್ಲರೂ ತಲೆಯಾಡಿಸುತ್ತಾರೆ. ‘ಅರ್ಥವಾಯಿತೇ?’ ಎಂದರೆ ಅವರೂ ‘ಹೌದು ಮೇಡಂ’ ಎನ್ನುತ್ತಾರೆ.

ಗಿಳಿಪಾಠ
ಕೋಲೆಬಸವ ಎಂದರೆ ವಿದ್ಯಾರ್ಥಿ ಮಾತ್ರ ಎಂದುಕೊಂಡಿದ್ದೆ.

ಸೀಮೆಸುಣ್ಣ
ಮೂರು ಸೆಕೆಂಡ್ ಎಂದರೆ ಕಡಿಮೆ ಎಂದುಕೊಳ್ಳಬೇಡಿ. ನಲವತ್ತೆರಡು ಮುಖಗಳ ಮುಂದೆ ಸುಮ್ಮನೆ ನಿಂತು ಒಂದು, ಎರಡು, ಮೂರು ಎಣಿಸಿ ನೋಡಿ. ಹಿಂದಿನ ಸಾಲಿನಲ್ಲಿ ಒಬ್ಬ ಕಂಪಾಸ್ ಬೀಳಿಸುತ್ತಾನೆ, ಇನ್ನೊಬ್ಬ ಕೆಮ್ಮುತ್ತಾನೆ, ನಮಗೇ ಬೆವರು ಬರುತ್ತದೆ. ಆ ಮೌನಕ್ಕೆ ಹೆದರಿಯೇ ನಾವು ಉತ್ತರವನ್ನೂ ನಾವೇ ಹೇಳಿಬಿಡುವುದು.

ಕೊನೆಯ ಪುಟ
ಎಲ್ಲ ಸರಿ, ಆ ಹುಡುಗನಿಗೆ ಋಣ ಋಣ ಧನ ಏಕೆ ಎಂದು ಯಾರೂ ಹೇಳಲಿಲ್ಲ! ಸುಲಭ ಕಣಪ್ಪ. ಶತ್ರುವಿನ ಶತ್ರು ಮಿತ್ರ.

ಮೂರನೆಯ ಬೆಂಚು
@ಕೊನೆಯ ಪುಟ ಗೈಡಿನಲ್ಲಿಯೂ ಹಾಗೆಯೇ ಇದೆ ಅಣ್ಣ. ಆದರೆ ಶತ್ರುವಿನ ಶತ್ರು ನನಗೂ ಶತ್ರುವಾಗಿರಬಹುದಲ್ಲ? ಅಲ್ಲದೆ, ಋಣಕ್ಕೆ ಋಣ ಕೂಡಿಸಿದರೆ ಋಣವೇ ಬರುತ್ತದೆ. ಅಲ್ಲಿ ಮಾತ್ರ ಮಿತ್ರ ಏಕೆ ಆಗುವುದಿಲ್ಲ?

ತರ್ಕಕ್ಕೆ ತಯಾರು
ಹುಡುಗ ಗೆದ್ದ.

ಕಂಪಾಸ್ ಪೆಟ್ಟಿಗೆ
ತಮ್ಮಾ, ಪೆನ್ನು ತೆಗೆದುಕೊಂಡು ಒಂದರ ಕೆಳಗೊಂದು ಬರೆ.

3 × (−4) = −12
2 × (−4) = −8
1 × (−4) = −4
0 × (−4) = 0

ಎಡಗಡೆಯ ಸಂಖ್ಯೆ ಒಂದೊಂದೇ ಇಳಿಯುತ್ತಿದೆ, ಉತ್ತರ ಪ್ರತಿ ಸಲ ನಾಲ್ಕು ನಾಲ್ಕು ಏರುತ್ತಿದೆ. ಮುಂದಿನ ಸಾಲು (−1) × (−4). ಏರಿಕೆ ಅದೇ ಲಯದಲ್ಲಿ ಹೋಗಬೇಕಾದರೆ 4 ಬರಬೇಕು. ಆಮೇಲೆ 8, ಆಮೇಲೆ 12. ಅಲ್ಲಿ ಮಾತ್ರ −4 ಎಂದು ಬರೆದರೆ ಮೆಟ್ಟಿಲು ಸೊನ್ನೆಯ ಹತ್ತಿರ ಮುರಿದು ಬೀಳುತ್ತದೆ.

ತರ್ಕಕ್ಕೆ ತಯಾರು
ಮೆಟ್ಟಿಲು ಚೆನ್ನಾಗಿದೆ, ಆದರೆ ಅದು ಪುರಾವೆಯಲ್ಲ. ಲಯ ಮುಂದುವರಿಯಲೇಬೇಕು ಎಂದು ಹೇಳಿದವರು ಯಾರು? ಗಟ್ಟಿ ಕಾರಣ ಬೇಕಾದರೆ ಹೀಗೆ. 4 + (−4) ಸೊನ್ನೆ. ಅದನ್ನು −3ರಿಂದ ಗುಣಿಸಿದರೂ ಸೊನ್ನೆಯೇ. ಆವರಣ ಬಿಡಿಸಿದರೆ (−3) × 4, ಅಂದರೆ −12, ಅದಕ್ಕೆ (−3) × (−4) ಕೂಡಬೇಕು. ಎರಡೂ ಸೇರಿ ಸೊನ್ನೆಯಾಗಬೇಕಾದರೆ ಎರಡನೆಯದು 12 ಆಗದೆ ಬೇರೆ ದಾರಿಯಿಲ್ಲ. ಆವರಣ ಬಿಡಿಸುವ ನಿಯಮ ಋಣ ಸಂಖ್ಯೆಗಳಿಗೂ ನಡೆಯಬೇಕು ಎಂದು ಒಪ್ಪಿದ ಕ್ಷಣದಲ್ಲೇ ನೀವು ಇದನ್ನೂ ಒಪ್ಪಿದಂತೆ. ಇಂದು ನಿಮ್ಮ ಸರ್ ಹಲಗೆಯ ಮೇಲೆ ಮಾಡುತ್ತಿದ್ದುದೂ ಆವರಣ ಬಿಡಿಸುವ ಲೆಕ್ಕವೇ.

ಮೂರನೆಯ ಬೆಂಚು
ಎರಡನ್ನೂ ರಫ್ ನೋಟಿನಲ್ಲಿ ಬರೆದೆ. ಮೊದಲನೆಯದು ನಂಬಿಕೆ ಹುಟ್ಟಿಸಿತು, ಎರಡನೆಯದು ಬಾಯಿ ಮುಚ್ಚಿಸಿತು. ಹತ್ತು ನಿಮಿಷವೂ ಬೇಕಾಗಲಿಲ್ಲ. ಎರಡು ವರ್ಷ ಇದನ್ನು ಏಕೆ ಯಾರೂ ಹೇಳಲಿಲ್ಲ?

ಹಳೆಯ ಡಸ್ಟರ್
ನೀನು ಕೇಳಲಿಲ್ಲವಲ್ಲ.

ಕಂಪಾಸ್ ಪೆಟ್ಟಿಗೆ
ಕೇಳಿದರೆ ನೀವು ‘ನಿಯಮ ಎಂದರೆ ನಿಯಮ’ ಎನ್ನುತ್ತೀರಲ್ಲ ಸರ್!

ಕೊನೆಯ ಪುಟ
ಹುಡುಗ, ನಿನ್ನ ಸಂಶಯ ಚಿಕ್ಕದೇನೂ ಅಲ್ಲ. ಋಣ ಸಂಖ್ಯೆಗಳನ್ನು ಗುಣಿಸುವ ನಿಯಮವನ್ನು ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದ. ಅದಾಗಿ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, 1758ರಲ್ಲಿ, ಫ್ರಾನ್ಸಿಸ್ ಮಸೆರೆಸ್ ಎಂಬ ಇಂಗ್ಲಿಷ್ ಗಣಿತಜ್ಞ ಋಣ ಸಂಖ್ಯೆಗಳೇ ಗೊಂದಲ, ಬೀಜಗಣಿತದಿಂದ ಅವುಗಳನ್ನು ದೂರವಿಡಬೇಕು ಎಂದು ಪುಸ್ತಕವನ್ನೇ ಬರೆದ. ದೊಡ್ಡವರಿಗೇ ಗಂಟಲಲ್ಲಿ ಸಿಕ್ಕಿಕೊಂಡದ್ದು ನಮ್ಮ ಮಕ್ಕಳಿಗೆ ನಲವತ್ತು ನಿಮಿಷದಲ್ಲಿ ಇಳಿದುಬಿಡಬೇಕು.

ತರ್ಕಕ್ಕೆ ತಯಾರು
ಅದೇ ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದೂ ಬರೆದಿದ್ದಾನೆ. ಇಂದು ಅದನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಸಿಗುವುದಿಲ್ಲ.

ಗಿಳಿಪಾಠ
ಪಾಪ, ಮರುಮೌಲ್ಯಮಾಪನಕ್ಕೆ ಹಾಕಲಿ.

ಇಬ್ಬರ ಅಮ್ಮ
ಸುಮ್ಮನೆ ಓದುತ್ತಾ ಬಂದವಳಿಗೆ ಒಂದು ಕಡೆ ಮುಖಕ್ಕೆ ಹೊಡೆದಂತಾಯಿತು. ಸಂಜೆ ಮಗಳು ಓದಲು ಕುಳಿತಾಗ ನಾನು ಕೇಳುವುದು ‘ಓದಿ ಆಯಿತಾ?’ ಎಂದು. ಅವಳು ‘ಆಯಿತು’ ಎನ್ನುತ್ತಾಳೆ. ಪುಸ್ತಕ ತೆರೆದರೆ ಇಡೀ ಪುಟ ಹಳದಿ, ಹಸಿರು, ಗುಲಾಬಿ. ಗೆರೆ ಎಳೆಯದ ಸಾಲೇ ಇಲ್ಲ. ಮೊನ್ನೆ ಪುಸ್ತಕ ಮುಚ್ಚಿ, ‘ಈಗ ಓದಿದ್ದರಲ್ಲಿ ಏನಿತ್ತು?’ ಎಂದೆ. ಚಾವಣಿ ನೋಡಿದಳು. ಸುಳ್ಳು ಹೇಳುವ ಹುಡುಗಿಯಲ್ಲ. ನಿಜವಾಗಿಯೂ ಓದಿದ್ದಳು, ನಾನೇ ನೋಡಿದ್ದೇನೆ. ಹಾಗಾದರೆ ಓದಿದ್ದೆಲ್ಲ ಎಲ್ಲಿಗೆ ಹೋಯಿತು?

ನಿಧಾನಿ
@ಇಬ್ಬರ ಅಮ್ಮ ಎಲ್ಲಿಗೂ ಹೋಗಿಲ್ಲ, ಒಳಗೆ ಬಂದೇ ಇರಲಿಲ್ಲ. ಮತ್ತೆ ಮತ್ತೆ ಓದಿದರೆ ಸಾಲುಗಳು ಪರಿಚಿತವಾಗುತ್ತವೆ. ಬೀದಿಯಲ್ಲಿ ದಿನವೂ ನೋಡುವ ಮುಖದಂತೆ, ನೋಡಿದರೆ ಗುರುತು ಸಿಗುತ್ತದೆ, ಹೆಸರು ಕೇಳಿದರೆ ಗೊತ್ತಿಲ್ಲ. ಆ ಪರಿಚಯವನ್ನೇ ನಾವು ಕಲಿತೆವು ಎಂದುಕೊಳ್ಳುತ್ತೇವೆ.

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಅಳೆದಿದ್ದಾರೆ. ಒಂದು ಪಾಠವನ್ನು ಎರಡು ಸಲ ಓದುವುದು ಒಂದು ವಿಧಾನ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯುವುದು ಇನ್ನೊಂದು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದರೆ ತಲೆಕೆಳಗು: ಮುಚ್ಚಿ ಬರೆದವರಿಗೆ ಶೇ. 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ. 42. ನಿಮ್ಮ ಮಗಳ ಬಣ್ಣದ ಪೆನ್ನುಗಳನ್ನು ಕಿತ್ತುಕೊಳ್ಳಬೇಡಿ. ಪುಸ್ತಕ ಮುಚ್ಚಿಸಿ ಒಂದು ಖಾಲಿ ಹಾಳೆ ಕೊಡಿ, ಸಾಕು. ಅಂಕ ಮಾತ್ರ ಹಾಕಬೇಡಿ.

ಹಳೆಯ ಡಸ್ಟರ್
ಇದನ್ನೇ ನಾವು ‘ಒಪ್ಪಿಸುವುದು’ ಎನ್ನುತ್ತಿದ್ದೆವು. ಅದಕ್ಕೆ ಅಧ್ಯಯನ ಬೇರೆ ಬೇಕಿತ್ತೇ?

ನಿಧಾನಿ
ಅರ್ಧ ಸರಿ ಸರ್. ನೆನಪಿನಿಂದ ಹೊರತೆಗೆಯುವುದು ಎರಡರಲ್ಲೂ ಇದೆ. ಆದರೆ ಒಪ್ಪಿಸುವಾಗ ಪುಸ್ತಕದ ಮಾತನ್ನೇ ಹೇಳಬೇಕಿತ್ತು, ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು. ಇಲ್ಲಿ ತನ್ನ ಮಾತಿನಲ್ಲಿ ಬರೆಯಬೇಕು.

ತರ್ಕಕ್ಕೆ ತಯಾರು
ಮೇಡಂ ಅಧ್ಯಯನಗಳನ್ನು ಉದುರಿಸುತ್ತಲೇ ಇದ್ದಾರೆ. ಹುಡುಗನ ಪ್ರಶ್ನೆ ನೆನಪಿಗೆ ಸಂಬಂಧಿಸಿದ್ದಲ್ಲ. ಅವನಿಗೆ ನಿಯಮ ಚೆನ್ನಾಗಿಯೇ ನೆನಪಿತ್ತು.

ನಿಧಾನಿ
ಒಪ್ಪಿದೆ. ಹಾಗಾದರೆ ಇನ್ನೊಂದೇ ಒಂದು, ಆಮೇಲೆ ಬಾಯಿ ಮುಚ್ಚುತ್ತೇನೆ. ಎಲ್ಲರೂ ಪ್ರಾಮಾಣಿಕವಾಗಿ ಹೇಳಿ: ಜಿಪ್ ಹೇಗೆ ಕೆಲಸ ಮಾಡುತ್ತದೆ ಎಂದು ನಿಮಗೆ ಗೊತ್ತೇ?

ಗಿಳಿಪಾಠ
ಗೊತ್ತು. ಎಳೆದರೆ ಮುಚ್ಚುತ್ತದೆ.

ಕೊನೆಯ ಪುಟ
ಹಲ್ಲುಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಹೇಗೆ ಎಂದರೆ... ಸೇರಿಕೊಳ್ಳುತ್ತವೆ.

ನಿಧಾನಿ
ಅದೇ. ರೋಜೆನ್‌ಬ್ಲಿಟ್ ಮತ್ತು ಕೈಲ್ ಎಂಬ ಸಂಶೋಧಕರು 2002ರಲ್ಲಿ ಇಂಥದ್ದನ್ನೇ ಕೇಳಿದರು. ಜಿಪ್, ಬೀಗ, ಹೊಲಿಗೆ ಯಂತ್ರದಂಥ ವಸ್ತುಗಳು ಎಷ್ಟು ಅರ್ಥವಾಗಿವೆ ಎಂದು ಮೊದಲು ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ ಎಂದರು. ಆಮೇಲೆ ಹಂತ ಹಂತವಾಗಿ ವಿವರಿಸಿ ಬರೆಯಿರಿ ಎಂದರು. ಬರೆಯಲು ಕುಳಿತ ಮೇಲೆ ಜನ ತಮ್ಮ ಅಂಕವನ್ನು ತಾವೇ ಇಳಿಸಿಕೊಂಡರು. ಆದ್ದರಿಂದ ಮೂರನೆಯ ಬೆಂಚಿನವನೇ, ನಿಮ್ಮ ತರಗತಿಯ ಎಲ್ಲ ‘ಹೌದು’ಗಳೂ ಸುಳ್ಳಲ್ಲ. ಅನೇಕರಿಗೆ ಅರ್ಥವಾಗಿದೆ ಎಂದೇ ಅನಿಸಿರುತ್ತದೆ. ಯಾರೂ ಬರೆಯಿಸಿ ನೋಡಿಲ್ಲ, ಅಷ್ಟೇ.

ಕಂಪಾಸ್ ಪೆಟ್ಟಿಗೆ
ನಾನು ಈಗ ಚೀಲದ ಜಿಪ್ಪನ್ನು ಇಪ್ಪತ್ತು ಸಲ ಎಳೆದು ನೋಡಿದೆ. ಮನೆಯವರು ಏನಾಯಿತು ಎಂದು ಕೇಳುತ್ತಿದ್ದಾರೆ.

ಹಳೆಯ ಡಸ್ಟರ್
ನಿನ್ನೆ ರಾತ್ರಿ ಇದನ್ನು ಓದಿ ಮಲಗಿದವನಿಗೆ ನಿದ್ದೆ ಬರಲಿಲ್ಲ. ಹೇಳಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಮೊಮ್ಮಗಳು ಭಿನ್ನರಾಶಿಯ ಲೆಕ್ಕ ತಂದಳು. ಭಾಗಾಕಾರ. ‘ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು’ ಎಂದೆ. ‘ಏಕೆ ತಾತ?’ ಎಂದಳು. ‘ಮೇಷ್ಟ್ರು ಹೇಳಿದರು’ ಎಂದೆ. ‘ನಿಮ್ಮ ಮೇಷ್ಟ್ರಿಗೆ ಯಾರು ಹೇಳಿದರು?’ ಎಂದಳು. ಗದರಿಸಿ ಎಬ್ಬಿಸಿ ಕಳಿಸಿದೆ. ಐವತ್ತೈದು ವರ್ಷ ತಲೆಕೆಳಗು ಮಾಡಿದ್ದೇನೆ, ಏಕೆಂದು ನನಗೂ ಗೊತ್ತಿಲ್ಲ. ಅವಳು ಆಮೇಲೆ ಲೆಕ್ಕ ತರುವುದನ್ನು ನಿಲ್ಲಿಸಿದ್ದಾಳೆ. ಯಾರಾದರೂ ಹೇಳಿಕೊಡುತ್ತೀರಾ?

ಸೀಮೆಸುಣ್ಣ
ಸರ್, ದೊಡ್ಡ ಮನಸ್ಸು ನಿಮ್ಮದು. ಹಗ್ಗ ತೆಗೆದುಕೊಂಡು ಮಾಡಿ. ಮೂರು ಮೀಟರ್ ಹಗ್ಗ. ಅರ್ಧ ಅರ್ಧ ಮೀಟರಿನ ತುಂಡು ಎಷ್ಟು ಬರುತ್ತವೆ ಎಂದು ಅವಳಿಂದಲೇ ಕತ್ತರಿಸಿ ಎಣಿಸಿ. ಆರು. ಅಂದರೆ 3ನ್ನು 1/2ರಿಂದ ಭಾಗಿಸಿದ್ದೇ 3ನ್ನು 2ರಿಂದ ಗುಣಿಸಿದ್ದು. ಒಂದು ಮೀಟರಿನಲ್ಲಿ ಎರಡು ತುಂಡುಗಳಿವೆಯಲ್ಲ, ಅದಕ್ಕೆ. ಮುಂದೆ ತುಂಡಿನ ಅಳತೆ 3/4 ಮೀಟರ್ ಮಾಡಿ. ಮೊದಲು ಕಾಲು ಮೀಟರಿನ ತುಂಡುಗಳನ್ನು ಎಣಿಸಿ, ಹನ್ನೆರಡು. ಮೂರು ಮೂರು ಸೇರಿಸಿ ಕಟ್ಟಿ, ನಾಲ್ಕು ಕಟ್ಟು. ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದಂತಾಯಿತು. ತಲೆಕೆಳಗು ಎಂದರೆ ಇಷ್ಟೇ.

ಹಳೆಯ ಡಸ್ಟರ್
ಹಗ್ಗ ಹುಡುಕುತ್ತಿದ್ದೇನೆ.

ಇಬ್ಬರ ಅಮ್ಮ
🙏 ಇದನ್ನು ಓದಿ ಕಣ್ಣು ಒದ್ದೆಯಾಯಿತು. (ನನಗೂ ಗೊತ್ತಿರಲಿಲ್ಲ. ಯಾರಿಗೂ ಹೇಳಬೇಡಿ.)

ಸೀಮೆಸುಣ್ಣ
ಇಂದು ಒಂದು ಪ್ರಯೋಗ ಮಾಡಿದೆ. ಪಿರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ‘ಹೆಸರು ಬೇಡ. ಇಂದಿನ ಪಾಠದಲ್ಲಿ ಎಲ್ಲಿ ಸಿಕ್ಕಿಕೊಂಡಿರಿ, ಒಂದು ಸಾಲು ಬರೆಯಿರಿ’ ಎಂದೆ. ‘ಅರ್ಥವಾಯಿತೇ?’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮೂವತ್ತೆಂಟು ಚೀಟಿಗಳು. ಹದಿನಾಲ್ಕರಲ್ಲಿ ‘ಎಲ್ಲಾ ಅರ್ಥವಾಯಿತು ಸರ್, ಧನ್ಯವಾದಗಳು’. ಎರಡು ಖಾಲಿ. ಒಂದರಲ್ಲಿ ಹೂವಿನ ಚಿತ್ರ. ಒಂಬತ್ತು ಜನ ಒಂದೇ ಹೆಜ್ಜೆಯಲ್ಲಿ ಎಡವಿದ್ದಾರೆ. ನಾನು ತುಂಬಾ ಸುಲಭ ಎಂದುಕೊಂಡು ಹಲಗೆಯ ಮೇಲೆ ಬರೆಯದೆ ಬಾಯಲ್ಲೇ ದಾಟಿಸಿದ ಹೆಜ್ಜೆ ಅದು. ಉಳಿದವು ಚಿಲ್ಲರೆ ಸಂಶಯಗಳು. ಕೊನೆಗೆ ಒಂದು ಚೀಟಿ, ಪೆನ್ಸಿಲಿನಲ್ಲಿ, ಬಹಳ ಚಿಕ್ಕ ಅಕ್ಷರಗಳಲ್ಲಿ: ‘ಸರ್, ನಿಮ್ಮ 1 ಮತ್ತು 7 ಒಂದೇ ತರಹ ಕಾಣುತ್ತವೆ.’

ಹತ್ತೊಂಬತ್ತು ವರ್ಷ! ಎಷ್ಟು ಮಕ್ಕಳು 17ನ್ನು 11 ಎಂದು ಬರೆದುಕೊಂಡು, ಉತ್ತರ ತಾಳೆಯಾಗದೆ, ತಾವೇ ದಡ್ಡರು ಎಂದುಕೊಂಡರೋ.

ತರ್ಕಕ್ಕೆ ತಯಾರು
ಕುಣಿತದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ ಸರ್. ಆ ಹದಿನಾಲ್ಕು ಚೀಟಿಗಳನ್ನು ಮಾತ್ರ ನಂಬಬೇಡಿ.

ಸೀಮೆಸುಣ್ಣ
ನಂಬಿಲ್ಲ. ಅಕ್ಷರ ನೋಡಿದರೆ ನನಗೆ ಯಾರು ಬರೆದದ್ದು ಎಂದು ತಿಳಿಯುತ್ತದೆ, ಅವರಿಗೂ ಅದು ಗೊತ್ತು. 7ಕ್ಕೆ ನಡುವೆ ಒಂದು ಅಡ್ಡಗೆರೆ ಹಾಕಲು ಶುರು ಮಾಡಿದ್ದೇನೆ.

ಕೊನೆಯ ಪುಟ
ಮೂರನೆಯ ಬೆಂಚಿನವನು ಎಲ್ಲಿ ಹೋದ? ಬೆಕ್ಕಿಗೆ ಗಂಟೆ ಕಟ್ಟಿದನೋ ಇಲ್ಲವೋ?

ಮೂರನೆಯ ಬೆಂಚು
ಇದ್ದೇನೆ ಅಣ್ಣ. ತರಗತಿಯಲ್ಲಿ ಕೇಳಲು ಧೈರ್ಯ ಬರಲಿಲ್ಲ. ಬುಧವಾರ ಸಂಜೆ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತೆ. ಸರ್ ಉತ್ತರಪತ್ರಿಕೆ ತಿದ್ದುತ್ತಿದ್ದರು. ನನಗೆ ಉತ್ತರ ಈಗ ಗೊತ್ತಿತ್ತು, ಆದರೂ ಕೇಳಿದೆ. ಇದು ಮೋಸವೋ ಏನೋ. ‘ಸರ್, ಋಣ ಋಣ ಧನ ಏಕೆ?’

ಸರ್ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ‘ಅದು ನಿಯಮ...’ ಎಂದು ಶುರು ಮಾಡಿ ನಿಲ್ಲಿಸಿದರು. ನಾನು ಮನಸ್ಸಿನಲ್ಲೇ ಎಣಿಸಿದೆ, ಮೂರಲ್ಲ, ಹನ್ನೊಂದು ಸೆಕೆಂಡ್. ಆಮೇಲೆ, ‘ನಾನೂ ಹೀಗೆಯೇ ಕಲಿತದ್ದು. ಯೋಚಿಸಿ ಹೇಳುತ್ತೇನೆ’ ಎಂದರು.

ಇಂದು ಶುಕ್ರವಾರ, ಇನ್ನೂ ಹೇಳಿಲ್ಲ. ಬೆಳಿಗ್ಗೆ ಮೆಟ್ಟಿಲ ಹತ್ತಿರ ಎದುರಾದರು. ತೋಳಿನ ಮೇಲೆ ಅದೇ ಬಿಳಿ ಪಟ್ಟಿ. ‘ಮರೆತಿಲ್ಲ’ ಎಂದು ಹೇಳಿ ಹೋದರು. ಈಗ ನಾನು ರಫ್ ನೋಟನ್ನು ಅವರಿಗೆ ತೋರಿಸಬೇಕೋ, ಅವರೇ ಹೇಳುವವರೆಗೆ ಕಾಯಬೇಕೋ?

ಸೀಮೆಸುಣ್ಣ
ಕಾಯಿ.

ಕಂಪಾಸ್ ಪೆಟ್ಟಿಗೆ
ತೋರಿಸು. ಪಾಪ, ಅವರು ನಿದ್ದೆಗೆಟ್ಟಿರುತ್ತಾರೆ.

ಸೀಮೆಸುಣ್ಣ
ನಿದ್ದೆಗೆಡಲಿ ಬಿಡಿ. ಎಷ್ಟೋ ವರ್ಷಗಳ ನಂತರ ಯಾರೋ ಅವರಿಗೊಂದು ನಿಜವಾದ ಪ್ರಶ್ನೆ ಕೇಳಿದ್ದಾರೆ, ಕಿತ್ತುಕೊಳ್ಳಬೇಡಿ.

ಹಳೆಯ ಡಸ್ಟರ್
ಹಗ್ಗ ಸಿಕ್ಕಿತು. ಕತ್ತರಿಸಿದೆವು. ಮೊಮ್ಮಗಳು ಈಗ 3ನ್ನು 2/5ರಿಂದ ಭಾಗಿಸಿ ತೋರಿಸು ಎನ್ನುತ್ತಿದ್ದಾಳೆ. ಏಳು ತುಂಡು ಬಂದು ಕೊನೆಗೆ ಗೇಣುದ್ದ ಉಳಿಯಿತು. ಆ ಉಳಿದದ್ದನ್ನು ಏನೆಂದು ಬರೆಯುವುದು?

ತರ್ಕಕ್ಕೆ ತಯಾರು
ಅರ್ಧ ತುಂಡು ಸರ್. ಏಳೂವರೆ. ತಲೆಕೆಳಗು ಮಾಡಿ ಗುಣಿಸಿದರೂ 15/2 ಬರುತ್ತದೆ, ತಾಳೆ ನೋಡಿಕೊಳ್ಳಿ.

ಗಿಳಿಪಾಠ
ಜಿಪ್ಪಿನ ವಿಷಯ ಯಾರೂ ಪೂರ್ತಿ ಹೇಳಲೇ ಇಲ್ಲ. ಮೂರು ದಿನದಿಂದ ಕಾಯುತ್ತಿದ್ದೇನೆ.

ಕಂಪಾಸ್ ಪೆಟ್ಟಿಗೆ
@ಗಿಳಿಪಾಠ ಒಂದು ಹಳೆಯ ಚೀಲವನ್ನು ಬಿಚ್ಚಿಯೇ ನೋಡಿದೆ. ಪ್ರತಿ ಹಲ್ಲಿನ ಒಂದು ಬದಿಯಲ್ಲಿ ಉಬ್ಬು, ಇನ್ನೊಂದು ಬದಿಯಲ್ಲಿ ತಗ್ಗು. ಜಾರುವ ತುಂಡಿನ ಒಳಗೆ ಕವಲುದಾರಿ ಇದೆ. ಮುಚ್ಚುವಾಗ ಎರಡು ಸಾಲುಗಳೂ ಓರೆಯಾಗಿ ಬಂದು, ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರುತ್ತದೆ. ತೆರೆಯುವಾಗ ಕವಲಿನ ನಡುವಿನ ಬೆಣೆ ಅವನ್ನು ಬೇರೆ ಮಾಡುತ್ತದೆ. ಅರ್ಥವಾಯಿತೇ?

ಗಿಳಿಪಾಠ
ಹೌದು ಮೇಡಂ.